ಕೋಮಾ ರೋಗಿಯ ಮೇಲೆ ಅವಸರದ ತೀರ್ಪು

ನಿಂತ ಹೃದಯವನ್ನು ಮತ್ತೆ ನಡೆಯಿಸುವುದು ಒಂದು ಕಾಲದಲ್ಲಿ ಪುರಾಣದ ಮಾತಾಗಿದ್ದಿತು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ಎದೆಯನ್ನು ಸೀಳದೆ ಹೊರಗಿನಿಂದಲೇ ಅಂಗೈಗಳಿಂದ ಒತ್ತಿ ರಕ್ತವನ್ನು ಹರಿಯಿಸಬಹುದೆಂದು ಪ್ರಕಟಿಸಿದ ಮೇಲೆ ಅದು ಆಸ್ಪತ್ರೆಯ ದಿನಚರಿಗೆ ಸೇರಿದ ಕೆಲಸವಾಯಿತು. ಇದು ಮನುಷ್ಯಪ್ರಯತ್ನಕ್ಕೆ ಸಂದ ದೊಡ್ಡ ಜಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೃದಯವು ಮರಳಿ ನಡೆದ ಮಾತ್ರಕ್ಕೆ ಮನುಷ್ಯನು ಮರಳಿ ಬಂದನೆಂದು ಹೇಳಲಾಗುವುದಿಲ್ಲ. ರಕ್ತದ ಹರಿವು ನಿಂತ ಹತ್ತು ಹದಿನೈದು ಸೆಕೆಂಡುಗಳಲ್ಲಿ ಎಚ್ಚರವು ಹೋಗುತ್ತದೆ. ನಾಲ್ಕೈದು ನಿಮಿಷ ಕಳೆದರೆ ಮಿದುಳಿನ ಜೀವಕೋಶಗಳು ಕೆಡಲಾರಂಭಿಸುತ್ತವೆ. ಎಲ್ಲವೂ ಒಂದೇ ಸಮನಾಗಿ ಕೆಡುವುದೂ ಇಲ್ಲ. ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗವೂ, ಆಲೋಚನೆಗೆ ಆಶ್ರಯವಾದ ಹೊರಪದರವೂ ಬಹು ಬೇಗ ಘಾಸಿಗೊಳ್ಳುತ್ತವೆ. ಉಸಿರಾಟವನ್ನು ನಡೆಯಿಸುವ ಮಿದುಳಿನ ಕಾಂಡವು ಹೆಚ್ಚು ತಾಳಿಕೊಳ್ಳುತ್ತದೆ. ಆದುದರಿಂದ ಹೃದಯಸ್ತಂಭನದಿಂದ ಪಾರಾದ ಅನೇಕರು, ಎದೆ ಬಡಿಯುತ್ತಿದ್ದರೂ ಮೈ ಬೆಚ್ಚಗಿದ್ದರೂ ಕರೆದರೆ ಓಗೊಡದೆ, ಕೋಮಾ ಎಂಬ ಗಾಢಮೂರ್ಛೆಯಲ್ಲಿ ಮಲಗಿರುತ್ತಾರೆ. ಅವರಲ್ಲಿ ಕೆಲವರು ಏಳುತ್ತಾರೆ, ಹಲವರು ಏಳುವುದಿಲ್ಲ. ಯಾರು ಏಳುವರು, ಯಾರು ಏಳಲಾರರು ಎಂಬುದನ್ನು ಮುಂಚಿತವಾಗಿ ಹೇಳುವುದು ವೈದ್ಯರ ಪಾಲಿಗೆ ಬಂದ ಕೆಲಸ. ಈ ಕೆಲಸವು ನಡೆಯುತ್ತಿರುವ ರೀತಿಯೇ ಪ್ರಕೃತ ವಿವಾದದ ವಿಷಯ.

ಪಟ್ಟಣಗಳ ಆಸ್ಪತ್ರೆಗಳಲ್ಲಿ ಸಂಭವಿಸುವಂಥ ಒಂದು ಸಂದರ್ಭವನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬಹುದು. ಐವತ್ತು ದಾಟಿದ ಗೃಹಸ್ಥನೊಬ್ಬನು ಬೆಳಗಿನ ಜಾವ ಹಿತ್ತಿಲಿನಲ್ಲಿ ಕುಸಿದು ಬೀಳುತ್ತಾನೆ. ಆಸ್ಪತ್ರೆಗೆ ತಂದ ಮೇಲೆ ಎದೆಯನ್ನೊತ್ತಿ, ವಿದ್ಯುತ್ತಿನ ಆಘಾತ ಕೊಟ್ಟು, ಹೃದಯವು ನಡೆಯುವಂತಾಗುತ್ತದೆ. ಗಂಟಲಿಗೆ ಕೊಳವೆ, ಕೊಳವೆಗೆ ವೆಂಟಿಲೇಟರ್. ರೋಗಿಯು ಯಂತ್ರದೊಡನೆ ಸೆಣಸದಿರಲೆಂದು ನಿದ್ರೆಯ ಔಷಧ. ಮರುದಿನ ಮಧ್ಯಾಹ್ನ ವೈದ್ಯರು ಬಂದು, ಕಣ್ಣಿಗೆ ಬೆಳಕು ಹಾಯಿಸಿ, ಹುಬ್ಬಿನ ಮೂಳೆಯನ್ನೊತ್ತಿ ನೋಡಿ, ಹೊರಗೆ ಬಂದು ಮಗನ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಾರೆ: “ನೋಡಪ್ಪ, ತಂದೆಯವರ ಮಿದುಳು ಕೆಲಸ ಮಾಡುತ್ತಿಲ್ಲ. ಇನ್ನು ಇಟ್ಟುಕೊಂಡರೆ ಖರ್ಚೇ ಹೊರತು ಪ್ರಯೋಜನ ಕಾಣುವುದಿಲ್ಲ. ಮನೆಗೆ ಕರೆದುಕೊಂಡು ಹೋಗುವುದಾದರೆ ನಮ್ಮ ಅಭ್ಯಂತರವಿಲ್ಲ.” ಮಗನು ಸೋದರಮಾವನ ಮುಖವನ್ನು ನೋಡುತ್ತಾನೆ, ಸೋದರಮಾವನು ಕೈಯಲ್ಲಿರುವ ಬಿಲ್ಲನ್ನು ನೋಡುತ್ತಾನೆ. ಸಾಯಂಕಾಲದೊಳಗೆ, ವೈದ್ಯರ ಸಲಹೆಗೆ ವಿರುದ್ಧವಾಗಿ ರೋಗಿಯನ್ನು ಕರೆದೊಯ್ಯುತ್ತಿರುವುದಾಗಿ ಅಚ್ಚಾಗಿರುವ ಕಾಗದಕ್ಕೆ ರುಜು ಬೀಳುತ್ತದೆ. ಆಂಬುಲೆನ್ಸು ಊರನ್ನು ಮುಟ್ಟಿ, ಬಾಯಿಗೆ ಎರಡು ತೊಟ್ಟು ನೀರು ಬಿಡುವಷ್ಟರಲ್ಲಿ ಉಸಿರು ನಿಲ್ಲುತ್ತದೆ. “ಡಾಕ್ಟರು ಹೇಳಿದ್ದು ನಿಜವಾಯಿತು” ಎಂದು ನೆರೆದವರು ಹೇಳುತ್ತಾರೆ.

ನಿಜವಾಯಿತೇ, ನಿಜ ಮಾಡಲ್ಪಟ್ಟಿತೇ?

1948ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞನಾದ ರಾಬರ್ಟ್ ಮರ್ಟನ್ ಎಂಬುವನು, ತನ್ನನ್ನು ತಾನೇ ನಿಜವಾಗಿಸಿಕೊಳ್ಳುವ ಭವಿಷ್ಯವಾಣಿ ಎಂಬುದಾಗಿ ಒಂದು ಪ್ರಬಂಧವನ್ನು ಬರೆದನು. ಅವನು ಕೊಟ್ಟ ದೃಷ್ಟಾಂತವು ಬ್ಯಾಂಕಿನದು. ಲೆಕ್ಕವೆಲ್ಲ ಸರಿಯಾಗಿರುವ ಒಂದು ಬ್ಯಾಂಕು ಮುಳುಗುವುದೆಂದು ಪುಕಾರು ಹಬ್ಬುತ್ತದೆ. ಠೇವಣಿದಾರರೆಲ್ಲ ಒಂದೇ ದಿನ ಬಾಗಿಲಿಗೆ ಮುತ್ತುತ್ತಾರೆ. ಬ್ಯಾಂಕು ಮುಳುಗಿಯೇ ಮುಳುಗುತ್ತದೆ. ಪುಕಾರು ಹಬ್ಬಿಸಿದವನು, ತಾನು ಹೇಳಿದುದೇ ಆಯಿತಲ್ಲ ಎಂದು ಮೀಸೆ ತಿರುವುತ್ತಾನೆ. ಆಸ್ಪತ್ರೆಯ ಹಾಸಿಗೆಯ ಮೇಲಿನ ಭವಿಷ್ಯವಾಣಿಯು ಇದಕ್ಕಿಂತ ಒಂದು ಪಾಲು ಕೆಟ್ಟದು. ಬ್ಯಾಂಕು ಮುಳುಗಿದ ಮೇಲೆಯೂ ಅದರ ಖಾತೆಪುಸ್ತಕಗಳು ಉಳಿದಿರುತ್ತವೆ; ಯಾರಾದರೂ ತೆರೆದು ನೋಡಿ, ಇದು ಮುಳುಗಬೇಕಾದ ಬ್ಯಾಂಕಾಗಿರಲಿಲ್ಲ ಎಂದು ಹೇಳಬಹುದು. ರೋಗಿಯು ಸತ್ತ ಮೇಲೆ ಅಂಥ ಖಾತೆ ಯಾವುದೂ ಉಳಿಯುವುದಿಲ್ಲ. ಏಳುತ್ತಿದ್ದವನೂ ಏಳದವನೂ ಮಣ್ಣಿನಲ್ಲಿ ಒಂದೇ.

ಈ ದೋಷವು ಹಳ್ಳಿಯ ಮಾತಿನಲ್ಲಿ ಮಾತ್ರವಲ್ಲ, ಶಾಸ್ತ್ರದ ಬುಡದಲ್ಲಿಯೇ ಸೇರಿಕೊಂಡಿತೆಂಬುದು ಗಮನಿಸತಕ್ಕ ಅಂಶ. 1985ರಲ್ಲಿ ಲೆವಿ, ಪ್ಲಮ್ ಮೊದಲಾದವರು ಪ್ರಾಣವಾಯುವಿನ ಕೊರತೆಯಿಂದ ಕೋಮಾಕ್ಕೆ ಜಾರಿದ 210 ರೋಗಿಗಳನ್ನು ಪರೀಕ್ಷಿಸಿ ಬರೆದ ಲೇಖನವು ಈ ವಿಷಯದಲ್ಲಿ ಬಹುಕಾಲ ಆಧಾರಗ್ರಂಥದಂತೆ ನಡೆಯಿತು. ಮೊದಲ ಪರೀಕ್ಷೆಯಲ್ಲಿ ಬೆಳಕಿಗೆ ಕಣ್ಣಿನ ಪಾಪೆ ಕುಗ್ಗದಿದ್ದವರು ಅವರಲ್ಲಿ 52 ಜನ. ಆ 52 ಜನರಲ್ಲಿ ಒಬ್ಬನೂ ಸ್ವತಂತ್ರವಾಗಿ ದಿನಗಳೆಯುವ ಸ್ಥಿತಿಗೆ ಮರಳಲಿಲ್ಲ. ಕೇಳಿದವರಿಗೆ ಇದು ಕಲ್ಲಿನಲ್ಲಿ ಕೊರೆದ ನಿಯಮವೆಂದು ತೋರುವುದು ಸಹಜ. ಆದರೆ ಗಣಿತವು ಬೇರೆ ಮಾತನ್ನು ಹೇಳುತ್ತದೆ. ಐವತ್ತೆರಡು ಜನರಲ್ಲಿ ಸೊನ್ನೆ ಎಂದರೆ ಲೋಕದಲ್ಲೆಲ್ಲ ಸೊನ್ನೆ ಎಂದಲ್ಲ. ನೂರಕ್ಕೆ ಐದಾರು ಜನರು ಏಳುವುದು ನಿಜವಾಗಿದ್ದರೂ ಐವತ್ತೆರಡು ಜನರ ಒಂದು ಗುಂಪಿನಲ್ಲಿ ಒಬ್ಬನೂ ಕಾಣದೆ ಹೋಗುವ ಸಂಭವವುಂಟು. ನೂರರಲ್ಲಿ ಐವರು ಎಂದರೆ, ಐದು ಮನೆಗಳು. ಅದರ ಮೇಲೆ, ಚಿಕಿತ್ಸೆಯನ್ನು ಹಿಂತೆಗೆಯುವುದು ರೂಢಿಯಾಗಿರುವ ದೇಶಗಳಲ್ಲಿ ಇಂಥ ಲಕ್ಷಣ ಕಂಡವರನ್ನು ಎಷ್ಟು ದಿನ ಕಾದು ನೋಡಲಾಯಿತೆಂಬ ಪ್ರಶ್ನೆಯೂ ಇದೆ. ಪಾಪೆ ಕುಗ್ಗಲಿಲ್ಲವೆಂಬ ಕಾರಣದಿಂದಲೇ ಯಂತ್ರವನ್ನು ತೆಗೆದು, ಸತ್ತ ಮೇಲೆ, ಪಾಪೆ ಕುಗ್ಗದವರೆಲ್ಲ ಸಾಯುವರೆಂದು ಲೆಕ್ಕ ಬರೆದರೆ, ಆ ಲೆಕ್ಕವು ಯಾರ ಪರೀಕ್ಷೆ? ರೋಗಿಯದೋ, ವೈದ್ಯನ ನಂಬಿಕೆಯದೋ? ಅಮೆರಿಕದ ಹೃದಯ ಸಂಘವು 2019ರಲ್ಲಿ ಪ್ರಕಟಿಸಿದ ಹೇಳಿಕೆಯೊಂದು ಈ ಅಧ್ಯಯನಗಳ ಗುಣಮಟ್ಟವನ್ನು ಟೀಕಿಸಿ, ಮುಂದಿನ ಸಂಶೋಧನೆಗೆ ಬಿಗಿಯಾದ ಕಟ್ಟಳೆಗಳನ್ನು ವಿಧಿಸಬೇಕಾಗಿ ಬಂದಿತು.

ಕಾಲ ಕಳೆದಂತೆ ಚಿಕಿತ್ಸೆ ಬದಲಾಯಿತು. ತೀರ್ಪು ಹೇಳುವ ಗಡಿಯಾರ ಮಾತ್ರ ಬದಲಾಗಲಿಲ್ಲ. 2002ರಲ್ಲಿ ಐರೋಪ್ಯ ದೇಶಗಳಿಂದ ಒಂದು, ಆಸ್ಟ್ರೇಲಿಯದಿಂದ ಒಂದು, ಹೀಗೆ ಎರಡು ಪ್ರಯೋಗಗಳು ಪ್ರಕಟವಾದವು. ಹೃದಯ ಮರಳಿದ ಕೋಮಾ ರೋಗಿಯ ಮೈಯನ್ನು 33 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ತಣಿಸಿ ಕೆಲವು ಗಂಟೆಗಳ ಕಾಲ ಇಟ್ಟರೆ ಮಿದುಳಿಗೆ ಹಿತವೆಂದು ಅವು ಹೇಳಿದವು. ಐರೋಪ್ಯ ಪ್ರಯೋಗದಲ್ಲಿ ತಣಿಸಿದವರಲ್ಲಿ ನೂರಕ್ಕೆ 55, ತಣಿಸದವರಲ್ಲಿ ನೂರಕ್ಕೆ 39 ಜನ ಆರು ತಿಂಗಳಲ್ಲಿ ಒಳ್ಳೆಯ ಸ್ಥಿತಿಯಲ್ಲಿದ್ದರು. (ಆಯ್ದ ರೋಗಿಗಳು ಇವರು, ವಿದ್ಯುದಾಘಾತಕ್ಕೆ ಮಣಿಯುವ ಬಗೆಯ ಸ್ತಂಭನದವರು, ಎಂಬುದನ್ನು ಮರೆಯಲಾಗದು, ಆದರೂ ಯಾವ ವಿಶೇಷ ಉಪಚಾರವೂ ಇಲ್ಲದವರಲ್ಲಿಯೇ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಎದ್ದರೆಂಬುದು, ಮರುದಿನವೇ ತಲೆಯಲ್ಲಾಡಿಸುವವರ ಗಮನಕ್ಕೆ ಬರಬೇಕಾದ ಸಂಗತಿ.) ತಣಿಸುವ ವಿಷಯದಲ್ಲಿ ಮುಂದೆ ಅಭಿಪ್ರಾಯ ತಿರುಗಿತು: 2013ರ ಪ್ರಯೋಗವು 33 ಡಿಗ್ರಿಗೂ 36 ಡಿಗ್ರಿಗೂ ಭೇದವಿಲ್ಲವೆಂದಿತು, 2021ರದು ಜ್ವರ ಬಾರದಂತೆ ತಡೆಯುವುದಕ್ಕಿಂತ ತಣಿಸುವುದು ಹೆಚ್ಚಿನದೇನೂ ಅಲ್ಲವೆಂದಿತು. ಇಲ್ಲಿ ಪ್ರಸ್ತುತವಾದುದು ಬೇರೊಂದು. ತಣ್ಣಗಿರುವ ದೇಹದಲ್ಲಿ ಯಕೃತ್ತು ನಿಧಾನವಾಗಿ ಕೆಲಸ ಮಾಡುತ್ತದೆ. ಮಿಡಾಜೋಲಾಮ್, ಫೆಂಟಾನಿಲ್ ಮೊದಲಾದ ನಿದ್ರೆಯ ಮತ್ತು ನೋವಿನ ಔಷಧಗಳು ಬೇಗ ಕರಗದೆ ರಕ್ತದಲ್ಲಿ ಉಳಿಯುತ್ತವೆ. ತಣಿಸದಿದ್ದರೂ, ಹೃದಯ ನಿಂತ ವೇಳೆಯಲ್ಲಿ ಪೆಟ್ಟು ತಿಂದ ಯಕೃತ್ತು, ಮೂತ್ರಪಿಂಡಗಳಿಂದ ಅದೇ ಫಲ. 2006ರಲ್ಲಿ ಅಮೆರಿಕದ ನರವೈದ್ಯರ ಅಕಾಡೆಮಿಯು ಮೂರನೆಯ ದಿನ ನೋವಿಗೆ ಕೈ ಎಳೆದುಕೊಳ್ಳದವನ ಗತಿ ಕೆಟ್ಟದೆಂದು ಹೇಳಿತ್ತು. ಆ ನಿಯಮವು ತಣಿಸುವ ಪದ್ಧತಿ ಬರುವ ಮುಂಚಿನ ರೋಗಿಗಳನ್ನು ನೋಡಿ ಮಾಡಿದುದು. ತಣಿಸಿದ ರೋಗಿಗಳಲ್ಲಿ ಮೂರನೆಯ ದಿನ ಕೈ ಎಳೆಯದವರೂ ಎದ್ದು ಮನೆಗೆ ನಡೆದು ಹೋದುದು ಬೇಗನೆ ಕಂಡುಬಂದಿತು. ಔಷಧದ ನಿದ್ರೆಯನ್ನು ಮಿದುಳಿನ ಸಾವೆಂದು ಓದಿದ್ದೇ ಈ ತಪ್ಪಿನ ಮುಖ್ಯ ಕಾರಣ.

ಒಂದೊಂದೇ ಲಕ್ಷಣವನ್ನು ತೆಗೆದುಕೊಂಡು ನೋಡಿದರೆ ಅವಸರಕ್ಕೆ ಆಧಾರವು ಎಷ್ಟು ತೆಳುವೆಂಬುದು ತಿಳಿಯುತ್ತದೆ. ಕಣ್ಣಿನ ಪಾಪೆಯನ್ನು ನಂಬುವವರು, ಹೃದಯವನ್ನು ಎಬ್ಬಿಸಲು ಕೊಟ್ಟ ಅಡ್ರಿನಲಿನ್ ಅದೇ ಪಾಪೆಯನ್ನು ಹಿಗ್ಗಿಸುತ್ತದೆಂಬುದನ್ನೂ, ಅಟ್ರೊಪಿನ್ ಹಾಗೆಯೇ ಮಾಡುತ್ತದೆಂಬುದನ್ನೂ ಬಲ್ಲರು. ಬಲ್ಲವರೇ ಮೊದಲ ದಿನ ಟಾರ್ಚನ್ನು ಹಿಡಿದು ತೀರ್ಪು ಹೇಳುತ್ತಾರೆ. ಮೈಯೆಲ್ಲ ಬಿಡದೆ ಅದುರುತ್ತಿದ್ದರೆ ಮಿದುಳು ಸುಟ್ಟುಹೋಗಿದೆಯೆಂದು ಹೇಳುವ ರೂಢಿಯುಂಟು. ಮೊದಲ ದಿನಗಳಲ್ಲಿ ಕಾಣುವ ಅವ್ಯಾಹತವಾದ ಅದುರು ಅನೇಕ ವೇಳೆ ಕೆಟ್ಟ ಲಕ್ಷಣವೇ ಸರಿ. ಆದರೆ 1963ರಲ್ಲಿ ಲ್ಯಾನ್ಸ್ ಮತ್ತು ಆಡಮ್ಸ್ ಎಂಬ ಇಬ್ಬರು ವೈದ್ಯರು, ಪ್ರಾಣವಾಯುವಿನ ಕೊರತೆಯಿಂದ ಪಾರಾಗಿ ಎಚ್ಚರಗೊಂಡ ರೋಗಿಗಳಲ್ಲಿ, ಕೈ ಚಾಚಿದರೆ, ಹೆಜ್ಜೆಯಿಟ್ಟರೆ ಹುಟ್ಟುವ ಅದುರನ್ನು ವರ್ಣಿಸಿದರು. ಇವರು ಮಾತನಾಡಬಲ್ಲವರು, ತಮ್ಮವರನ್ನು ಗುರುತಿಸಬಲ್ಲವರು. ನಿದ್ರೆಯ ಔಷಧ ಹಾಕಿರುವಾಗ ಒಂದು ಅದುರನ್ನು ಇನ್ನೊಂದರಿಂದ ಬೇರ್ಪಡಿಸುವುದು ಇ.ಇ.ಜಿ. ಯಂತ್ರವಿಲ್ಲದೆ ಸುಲಭಸಾಧ್ಯವಲ್ಲ.

ರಕ್ತಪರೀಕ್ಷೆಯ ಕಥೆಯು ಇನ್ನೂ ಬೋಧಪ್ರದವಾದುದು. ಮಿದುಳಿನ ಕೋಶಗಳು ಒಡೆದಾಗ ಎನ್.ಎಸ್.ಇ. ಎಂಬ ಕಿಣ್ವವು ರಕ್ತಕ್ಕೆ ಸೋರುತ್ತದೆ. ಹೆಚ್ಚು ಸೋರಿದಷ್ಟೂ ಹಾನಿ ಹೆಚ್ಚು. 2006ರ ನಿಯಮದಲ್ಲಿ ಲೀಟರಿಗೆ 33 ಮೈಕ್ರೊಗ್ರಾಮು ದಾಟಿದರೆ ಗತಿ ಕೆಟ್ಟದೆಂದಿದ್ದಿತು. 2021ರಲ್ಲಿ ಐರೋಪ್ಯ ಪುನಶ್ಚೇತನ ಮಂಡಲಿಯೂ ಅಲ್ಲಿಯ ತೀವ್ರನಿಗಾ ವೈದ್ಯರ ಸಂಘವೂ ಕೂಡಿ ಹೊರಡಿಸಿದ ಮಾರ್ಗದರ್ಶಿಯಲ್ಲಿ ಆ ಗಡಿ 60ಕ್ಕೆ ಏರಿತು. ಅದೂ 48 ಅಥವಾ 72 ಗಂಟೆಗಳಲ್ಲಿ ಅಳೆದುದಾಗಿರಬೇಕು, ಅದೂ ಒಂಟಿಯಾಗಿ ನಿಲ್ಲತಕ್ಕುದಲ್ಲ. ಕೆಂಪು ರಕ್ತಕಣಗಳಲ್ಲಿಯೂ ಈ ಕಿಣ್ವವಿರುವುದರಿಂದ, ರಕ್ತವನ್ನು ತೆಗೆಯುವಾಗಲೋ ಸಾಗಿಸುವಾಗಲೋ ಕಣಗಳು ಒಡೆದರೆ ಅಂಕಿ ತಾನಾಗಿಯೇ ಏರುವುದು. ಹಾಗಾದರೆ 45 ಅಥವಾ 50 ಎಂಬ ಅಂಕಿ ಬಂದ ರೋಗಿಯು ಹದಿನೈದು ವರ್ಷ ಮುಂಚೆ ಈ ಅಳತೆಯಲ್ಲಿ ನಿರಾಶೆಯ ಪಟ್ಟಿಗೆ ಸೇರುತ್ತಿದ್ದನು, ಈಗ ಸೇರುವುದಿಲ್ಲ. ಅವನ ಮಿದುಳು ಬದಲಾಗಲಿಲ್ಲ. ಅಳತೆಗೋಲು ಬದಲಾಯಿತು. ನಡುವೆ ಅಳೆಯಲ್ಪಟ್ಟವರ ಗತಿಯನ್ನು ಕೇಳುವವರು ಯಾರು?

ಹೀಗೆಂದ ಮಾತ್ರಕ್ಕೆ ಎಲ್ಲ ಲಕ್ಷಣಗಳೂ ಸುಳ್ಳೆಂದು ಹೇಳುವುದು ಸತ್ಯಕ್ಕೆ ಅಪಚಾರವಾಗುವುದು. ಮಣಿಕಟ್ಟಿನ ನರವನ್ನು ವಿದ್ಯುತ್ತಿನಿಂದ ಮುಟ್ಟಿದರೆ ಸುಮಾರು 20 ಮಿಲಿಸೆಕೆಂಡುಗಳಲ್ಲಿ ಮಿದುಳಿನ ಹೊರಪದರದಲ್ಲಿ ಒಂದು ಸಣ್ಣ ಅಲೆ ಏಳುತ್ತದೆ. ಅದಕ್ಕೆ ಎನ್20 ಎಂದು ಹೆಸರು. ಎರಡು ಪಾರ್ಶ್ವಗಳಲ್ಲಿಯೂ ಆ ಅಲೆ ಇಲ್ಲದಿದ್ದರೆ, ಪರೀಕ್ಷೆಯು ಕ್ರಮವಾಗಿ ನಡೆದಿದ್ದರೆ, ಆಸೆಗೆ ಎಡೆ ಬಹಳ ಕಡಿಮೆ. ಇಟಲಿಯಲ್ಲಿ ಚಿಕಿತ್ಸೆಯನ್ನು ಹಿಂತೆಗೆಯುವ ರೂಢಿಯಿಲ್ಲದ ಆಸ್ಪತ್ರೆಗಳು ಸೇರಿ ಈ ಪರೀಕ್ಷೆಗಳನ್ನು ಒರೆಗೆ ಹಚ್ಚಿದವು. ಭವಿಷ್ಯವಾಣಿಯು ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ದೋಷವು ಅಲ್ಲಿ ಇಲ್ಲ. ಆದರೂ ಆ ಅಲೆಯಿಲ್ಲದವರ ಗತಿ ಅಲ್ಲಿಯೂ ಕೆಟ್ಟದಾಗಿಯೇ ಕಂಡಿತು. ಇದೇ ಸರಿಯಾದ ಶಾಸ್ತ್ರಮಾರ್ಗ: ಕಾದು, ನೋಡಿ, ಆಮೇಲೆ ಹೇಳುವುದು. ಆದರೆ ಇದಕ್ಕೂ ಒಂದು ಮಿತಿಯನ್ನು ಹೇಳಬೇಕು. ಅಲೆ ಇಲ್ಲದಿದ್ದರೆ ಕೆಡಕು ಹೆಚ್ಚುಕಡಿಮೆ ನಿಶ್ಚಯ. ಅಲೆ ಇದ್ದರೆ ಒಳಿತು ನಿಶ್ಚಯವೆಂದಾಗದು. ಈ ಯಂತ್ರವಾದರೂ ಎಷ್ಟು ಜಿಲ್ಲೆಗಳ ಆಸ್ಪತ್ರೆಗಳಲ್ಲಿದೆ? ಅತ್ಯಂತ ವಿಶ್ವಾಸಾರ್ಹವಾದ ಸಾಕ್ಷಿಯು ಇಲ್ಲದ ಕಡೆಯಲ್ಲಿಯೇ ಅತ್ಯಂತ ಧಾರಾಳವಾಗಿ ತೀರ್ಪು ಹೊರಡುವುದು ವಿಚಿತ್ರ.

2021ರ ಆ ಮಾರ್ಗದರ್ಶಿಯು ಹೇಳಿದ ಕ್ರಮವು ಇಷ್ಟು. ಹೃದಯ ಮರಳಿ 72 ಗಂಟೆಗಳು ಕಳೆದಿರಬೇಕು. ನಿದ್ರೆಯ ಔಷಧವೇ ಮುಂತಾದ ಭ್ರಾಂತಿಕಾರಣಗಳು ಕಳೆದಿರಬೇಕು. ರೋಗಿಯು ಆಗಲೂ ಎಚ್ಚರವಿಲ್ಲದೆ, ನೋವು ಕೊಟ್ಟರೆ ಕೈ ಎಳೆದುಕೊಳ್ಳದೆ ಇರಬೇಕು. ಆಮೇಲೆ ಪಾಪೆ ಮತ್ತು ಕಾರ್ನಿಯಾದ ಪ್ರತಿಕ್ರಿಯೆಗಳ ಅಭಾವ, ಎನ್20 ಅಲೆಯ ಅಭಾವ, ಕೆಟ್ಟ ಬಗೆಯ ಇ.ಇ.ಜಿ., ಏರಿದ ಎನ್.ಎಸ್.ಇ., ಬಿಡದ ಅದುರು, ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರದಲ್ಲಿ ವ್ಯಾಪಕವಾದ ಹಾನಿ, ಇವುಗಳಲ್ಲಿ ಎರಡಾದರೂ ಕೂಡಿ ಬರಬೇಕು. ಕೂಡದಿದ್ದರೆ? ಕಾಯಬೇಕು, ಮತ್ತೆ ಪರೀಕ್ಷಿಸಬೇಕು. ಗತಿ ಒಳ್ಳೆಯದು, ಗತಿ ಕೆಟ್ಟದು ಎಂಬ ಎರಡೇ ಉತ್ತರಗಳಿಗೆ ಒಗ್ಗಿದ ಬಾಯಿಗಳಿಗೆ ಇಲ್ಲಿ ಮೂರನೆಯ ಉತ್ತರವೊಂದು ವಿಧಿಸಲ್ಪಟ್ಟಿದೆ: ಇನ್ನೂ ತಿಳಿಯದು. ಇದು ಅಜ್ಞಾನದ ಒಪ್ಪಿಗೆಯೆಂದು ನಾಚುವವರುಂಟು. ತಿಳಿಯದುದನ್ನು ತಿಳಿಯದೆಂದು ಹೇಳುವುದಕ್ಕೆ ಮೂರು ದಿನಗಳ ಕಾಲ ನಾಚಬೇಕಾಗಿಲ್ಲ.

ಅವಸರದ ಪಕ್ಷದವರು ಮೊದಲು ಮುಂದಿಡುವುದು ಅನುಭವವನ್ನು. ಇಪ್ಪತ್ತು ವರ್ಷ ಇಂಥ ರೋಗಿಗಳನ್ನು ನೋಡಿದ ಕಣ್ಣಿಗೆ ಮೊದಲ ದಿನವೇ ತಿಳಿಯುವುದೆಂದು ಅವರು ಹೇಳುತ್ತಾರೆ. ವೈದ್ಯಶಾಸ್ತ್ರದಲ್ಲಿ ಅನುಭವಕ್ಕೆ ಇರುವ ಬೆಲೆಯನ್ನು ಯಾರೂ ತಗ್ಗಿಸಲಾರರು. ಆದರೆ ಅನುಭವವೆಂಬುದು ತಪ್ಪನ್ನು ತಪ್ಪೆಂದು ಕಂಡುಕೊಂಡಾಗ ಮಾತ್ರ ಬೆಳೆಯುತ್ತದೆ. ಬಡಗಿಯು ಅಳತೆ ತಪ್ಪಿದರೆ ಬಾಗಿಲು ಚೌಕಟ್ಟಿನಲ್ಲಿ ಕೂರುವುದಿಲ್ಲ. ಅವನಿಗೆ ಆ ಕ್ಷಣವೇ ಪಾಠವಾಗುತ್ತದೆ. ಮರುದಿನವೇ ಕೈಬಿಡಲ್ಪಟ್ಟ ರೋಗಿಯು ತಿರುಗಿ ಬಂದು ವೈದ್ಯರ ತಪ್ಪನ್ನು ತೋರಿಸುವಂತಿಲ್ಲ. ಇಪ್ಪತ್ತು ವರ್ಷಗಳಲ್ಲಿ ನೂರು ಜನರನ್ನು ಮನೆಗೆ ಕಳುಹಿಸಿ ನೂರು ಜನರೂ ಸತ್ತರೆ, ಅದು ಇಪ್ಪತ್ತು ವರ್ಷಗಳ ಅನುಭವವಲ್ಲ; ಒಂದೇ ದಿನದ ನಂಬಿಕೆಯ ನೂರು ಪ್ರತಿಗಳು. 2016ರಲ್ಲಿ ಎಲ್ಮರ್ ಮತ್ತು ಸಂಗಡಿಗರು ಉತ್ತರ ಅಮೆರಿಕದ ಹೃದಯಸ್ತಂಭನದ ದಾಖಲೆಗಳನ್ನು ಪರಿಶೀಲಿಸಿ, 72 ಗಂಟೆಗಳು ತುಂಬುವ ಮುಂಚೆ ಮಿದುಳಿನ ಗತಿ ಕೆಟ್ಟದೆಂಬ ಕಾರಣದಿಂದ ಚಿಕಿತ್ಸೆಯನ್ನು ಹಿಂತೆಗೆಯುವುದರಿಂದ ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 2,300 ಮರಣಗಳು ಹೆಚ್ಚಾಗಿ ಸಂಭವಿಸುತ್ತಿರಬಹುದೆಂದೂ, ಅವರಲ್ಲಿ ಹತ್ತಿರ ಹತ್ತಿರ 1,500 ಜನರು ತಮ್ಮ ಕೆಲಸ ತಾವು ಮಾಡಿಕೊಳ್ಳುವ ಸ್ಥಿತಿಗೆ ಬರುತ್ತಿದ್ದರೇನೋ ಎಂದೂ ಅಂದಾಜು ಮಾಡಿದರು. ಅಂದಾಜು ಅಂದಾಜೇ ಎಂಬುದು ನಿಜ. ಅದನ್ನು ಅರ್ಧಕ್ಕೆ ಇಳಿಸಿದರೂ ಅದು ಸಣ್ಣ ಸಂಖ್ಯೆಯಲ್ಲ. ಇದಕ್ಕೆ ಎದುರಾಗಿ ಇಡಬೇಕಾದುದು 2013ರ ಪ್ರಯೋಗ. ಅಲ್ಲಿ 939 ರೋಗಿಗಳು. ದೇಹದ ಉಷ್ಣತೆಯನ್ನು ಹಿಡಿತದಲ್ಲಿಡುವ ಉಪಚಾರವು ಮುಗಿದ ಮೇಲೆಯೂ 72 ಗಂಟೆ ಕಾಯದೆ ಮಿದುಳಿನ ಗತಿಯನ್ನು ನಿರ್ಣಯಿಸಬಾರದೆಂದು, ಕೆಲವು ವಿನಾಯಿತಿಗಳೊಡನೆ, ಕಟ್ಟಳೆ. ಫಲವಾಗಿ ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಬದುಕಿ ಉಳಿದರು. ಉಳಿದವರಲ್ಲಿ ಬಹುಪಾಲಿನವರ ಮಿದುಳು ಒಳ್ಳೆಯ ಸ್ಥಿತಿಯಲ್ಲಿದ್ದಿತು.

ಎರಡನೆಯ ವಾದವು ಹೆಚ್ಚು ಮನಮುಟ್ಟುವಂಥದು. ಕಾಯುತ್ತ ಹೋದರೆ ಸಾವೂ ಅಲ್ಲದ ಬಾಳೂ ಅಲ್ಲದ ಸ್ಥಿತಿಯಲ್ಲಿ ಮನುಷ್ಯನನ್ನು ಉಳಿಸಿದಂತಾಗುವುದಿಲ್ಲವೇ? 1972ರಲ್ಲಿ ಜೆನೆಟ್ ಮತ್ತು ಪ್ಲಮ್ ಹೆಸರಿಟ್ಟ ಆ ಸ್ಥಿತಿಯಲ್ಲಿ ಕಣ್ಣು ತೆರೆಯುತ್ತದೆ, ನಿದ್ರೆ ಎಚ್ಚರಗಳ ಚಕ್ರವಿರುತ್ತದೆ, ಅರಿವಿನ ಸುಳಿವು ಮಾತ್ರ ಇರುವುದಿಲ್ಲ. ಈ ವಾದದವರು ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ದಾದಿಯಾಗಿದ್ದ ಅರುಣಾ ಶಾನಭಾಗರ ಹೆಸರನ್ನು ಎತ್ತುತ್ತಾರೆ. 1973ರಲ್ಲಿ ದುಷ್ಟನೊಬ್ಬನು ಕುತ್ತಿಗೆಗೆ ಸರಪಣಿ ಬಿಗಿದುದರಿಂದ ಮಿದುಳಿಗೆ ಪ್ರಾಣವಾಯು ತಪ್ಪಿ, ಆಕೆ 2015ರ ಮೇ 18ರವರೆಗೆ, ನಾಲ್ವತ್ತೊಂದು ವರ್ಷಗಳಿಗೂ ಮಿಕ್ಕು, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಉಳಿದರು. ಆ ದೀರ್ಘ ದುಃಖವನ್ನು ನೆನೆದು ಮನಸ್ಸು ಮರುಗದವರಿಲ್ಲ. ಆದರೆ ಅದರಿಂದ ಇಲ್ಲಿಯ ಪ್ರಶ್ನೆಗೆ ಉತ್ತರವು ದೊರೆಯುವುದಿಲ್ಲ. ಕೇಳುತ್ತಿರುವುದು ನಾಲ್ವತ್ತು ವರ್ಷಗಳನ್ನಲ್ಲ, ಮೂರು ದಿನಗಳನ್ನು, ಸಂದೇಹವಿದ್ದರೆ ಇನ್ನೂ ಕೆಲವು ದಿನಗಳನ್ನು. ಮೂರು ದಿನ ಕಾದವರಿಗೆ ಆಮೇಲೆ ದಾರಿ ಮುಚ್ಚಿಹೋಗುವುದೂ ಇಲ್ಲ. ಅರುಣಾ ಅವರ ವಿಷಯದ ಅರ್ಜಿಯನ್ನು 2011ರಲ್ಲಿ ತಳ್ಳಿಹಾಕುತ್ತಲೇ ಸರ್ವೋಚ್ಚ ನ್ಯಾಯಾಲಯವು ತೆರೆದ ಹಾದಿ, 2018ರ ಮಾರ್ಚ್ 9ರ ತೀರ್ಪಿನಿಂದ ವಿಸ್ತಾರವಾಯಿತು. 2023ರ ಜನವರಿಯಲ್ಲಿ ಅದರ ಕ್ರಮಗಳು ಸರಳವಾದವು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರದ ಆರೋಗ್ಯ ಇಲಾಖೆಯು ಆ ತೀರ್ಪನ್ನು ಆಚರಣೆಗೆ ತರಲು ಸುತ್ತೋಲೆಯನ್ನು ಹೊರಡಿಸಿತು. ಚೇತರಿಕೆಯ ಆಸೆಯಿಲ್ಲವೆಂದು ಎರಡು ವೈದ್ಯಮಂಡಲಿಗಳು ಒಂದರ ಮೇಲೊಂದು ಪರಿಶೀಲಿಸಿ ಒಪ್ಪಿ, ಮನೆಯವರೂ ಒಪ್ಪಿದರೆ, ಯಂತ್ರವನ್ನು ಧರ್ಮವಾಗಿಯೂ ಕಾನೂನಿಗೆ ಸರಿಯಾಗಿಯೂ ಹಿಂತೆಗೆಯಬಹುದು.

ಇಲ್ಲಿಯೇ ಈ ನಾಡಿನ ವಿಶೇಷವಾದ ಅನ್ಯಾಯವು ಅಡಗಿದೆ. ಎರಡು ಮಂಡಲಿಗಳ ಕಾವಲು ಮುಂಬಾಗಿಲಿಗೆ ಮಾತ್ರ. ಹಿಂಬಾಗಿಲಿನಲ್ಲಿ, ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತೇವೆಂಬ ಅಚ್ಚಿನ ಕಾಗದವಿದೆ. ಅದಕ್ಕೆ ಮಂಡಲಿ ಬೇಡ, 72 ಗಂಟೆ ಬೇಡ, ಎರಡನೆಯ ಪರೀಕ್ಷೆ ಬೇಡ. ಸಲಹೆ ಕೊಟ್ಟವರ ಬಾಯಿಮಾತಿನಿಂದಲೇ ಹುಟ್ಟಿದ ನಿರ್ಧಾರವು ಸಲಹೆಗೆ ವಿರುದ್ಧವೆಂದು ದಾಖಲಾಗುತ್ತದೆ. ಅದೇ ಮೊಗಸಾಲೆಯಲ್ಲಿ “ಬ್ರೈನ್ ಡೆಡ್” ಎಂಬ ಮಾತನ್ನು ಕೋಮಾದಲ್ಲಿರುವವನ ವಿಷಯದಲ್ಲಿಯೂ ಹಗುರವಾಗಿ ಆಡುವವರಿದ್ದಾರೆ. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ಮಿದುಳಿನ ಕಾಂಡದ ಮರಣವನ್ನು ನಾಲ್ವರು ವೈದ್ಯರ ಮಂಡಲಿಯು ಆರು ಗಂಟೆಗಳಿಗೆ ಕಡಿಮೆಯಿಲ್ಲದ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು; ಅದು ಮರಣವೇ. ಕೋಮಾ ಮರಣವಲ್ಲ. ಕಾಯಿದೆಯ ಒಂದು ಶಬ್ದವನ್ನು ಎರವಲು ತಂದು, ಉಸಿರಾಡಲು ಯತ್ನಿಸುತ್ತಿರುವವನ ಮೇಲೆ ಹಾಕಿದರೆ, ಇಂಗ್ಲಿಷ್ ಬಾರದ ಹೆಂಡತಿಗೂ ಮಕ್ಕಳಿಗೂ ಅದರಲ್ಲಿ “ಡೆಡ್” ಎಂಬುದೊಂದೇ ಕೇಳಿಸುತ್ತದೆ.

ಇನ್ನು ಹಣದ ಮಾತು. ಇದನ್ನು ಮುಚ್ಚಿಟ್ಟು ಈ ವಿಷಯವನ್ನು ಚರ್ಚಿಸುವುದು ಆತ್ಮವಂಚನೆ. ತೀವ್ರನಿಗಾ ಘಟಕದ ಒಂದೊಂದು ದಿನಕ್ಕೂ ಎಷ್ಟೋ ಮನೆಗಳಲ್ಲಿ ಒಂದೊಂದು ಒಡವೆ ಗಿರವಿಗೆ ಹೋಗುತ್ತದೆ; ಅಡಕೆಯ ತೋಟವೋ ಒಂದೆಕರೆ ಗದ್ದೆಯೋ ಅಡವಾಗುತ್ತದೆ. ಹಣವಿಲ್ಲದೆ ರೋಗಿಯನ್ನು ಬಿಡಿಸಿಕೊಂಡು ಹೋಗುವವರನ್ನು ದೂಷಿಸುವ ಅಧಿಕಾರವು ಯಾರಿಗೂ ಇಲ್ಲ. ಆಕ್ಷೇಪಣೆಯಿರುವುದು ಬೇರೆ ಕಡೆ. ಹಣ ಮುಗಿದುದನ್ನು ಮಿದುಳು ಮುಗಿಯಿತೆಂದು ಏಕೆ ಕರೆಯಬೇಕು? ಬಡವನ ಮನೆಯವರ ಮನಸ್ಸಿಗೆ ಸಮಾಧಾನವಾಗಲೆಂಬ ದಯೆಯಿಂದ ಹೀಗೆ ಹೇಳುವುದುಂಟೆಂದು ಕೆಲವರು ಸಮರ್ಥಿಸುತ್ತಾರೆ. ಆ ದಯೆಯ ಒಳಗೆ ಎರಡು ಕೇಡುಗಳಿವೆ. ಒಂದು, ಸಾಲ ಮಾಡಿಯಾದರೂ ಇನ್ನೆರಡು ದಿನ ಕಾಯಬಹುದಾಗಿದ್ದ ಮಗನಿಗೆ ಕಾಯುವುದರಲ್ಲಿ ಅರ್ಥವಿದ್ದಿತೆಂಬುದೇ ತಿಳಿಯದೆ ಹೋಗುತ್ತದೆ. ಇನ್ನೊಂದು, ಹಣದ ಅಭಾವದಿಂದಾದ ಸಾವು ಲೆಕ್ಕಪುಸ್ತಕದಲ್ಲಿ ಮಿದುಳಿನ ಹಾನಿಯಿಂದಾದ ಸಾವಾಗಿ ಸೇರಿ, ಮುಂದಿನ ರೋಗಿಯ ಮೇಲೆ ಹೇಳುವ ತೀರ್ಪಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ಬಡವರು ಮೂರು ದಿನ ಕಾಯಲಾರದ ನಾಡಿನಲ್ಲಿ, ಆ ಮೂರು ದಿನಗಳ ವೆಚ್ಚವನ್ನು ಸರ್ಕಾರದ ಆರೋಗ್ಯ ಯೋಜನೆಗಳು ಹೊರಬೇಕೆಂದು ಕೇಳುವುದಕ್ಕಾದರೂ, ಅವರು ಸತ್ತದ್ದು ಯಾವುದರಿಂದ ಎಂಬುದು ಮೊದಲು ನಿಜವಾಗಿ ಬರೆಯಲ್ಪಡಬೇಕು.

ಹಾಸಿಗೆಗಳ ಕೊರತೆಯೆಂಬ ವಾದವೂ ಉಂಟು. ಒಬ್ಬನ ಮೂರು ದಿನ ಇನ್ನೊಬ್ಬನ ಹಾಸಿಗೆಯನ್ನು ತಡೆಯುತ್ತದೆಂಬುದು ಅಂಥ ವಾರ್ಡುಗಳಲ್ಲಿ ನಿಜವಾದ ಕಷ್ಟವೇ. ಆದರೆ ಆಗಲೂ ನಿರ್ಧಾರವು ಹಾಸಿಗೆಯಿಲ್ಲವೆಂಬ ಕಾರಣಕ್ಕೆ ಆಗಬೇಕೇ ಹೊರತು ಮಿದುಳಿನ ಮೇಲೆ ಸುಳ್ಳು ಹೇಳುವುದರಿಂದಲ್ಲ.

ವೈದ್ಯರಿಂದ ಕೇಳಬೇಕಾದುದು ಅಸಾಧ್ಯವಾದುದೇನೂ ಅಲ್ಲ. ಹೃದಯ ನಿಂತ ವೇಳೆ, ಮರಳಿದ ವೇಳೆ, ನಿದ್ರೆಯ ಔಷಧವನ್ನು ಕೊನೆಯದಾಗಿ ಕೊಟ್ಟ ವೇಳೆ, ಇವು ಮೂರು ರೋಗಿಯ ಚೀಟಿಯಲ್ಲಿ ಒಂದೇ ಸ್ಥಳದಲ್ಲಿ ಬರೆದಿರಬೇಕು. ಗತಿಯ ವಿಷಯವನ್ನು ಮನೆಯವರೊಡನೆ ಮಾತನಾಡುವವರು ಅವನ್ನು ನೋಡಿದ ಮೇಲೆ ಮಾತನಾಡಬೇಕು. 72 ಗಂಟೆಗಳೊಳಗಿನ ಮಾತಾದರೆ “ಈಗಲೇ ಹೇಳಲಾಗುವುದಿಲ್ಲಮ್ಮ, ಇಂಥ ದಿನ ಇಂಥ ಹೊತ್ತಿಗೆ ನೋಡಿ ಹೇಳುತ್ತೇವೆ” ಎಂದು ದಿನವನ್ನೂ ಹೊತ್ತನ್ನೂ ಸೇರಿಸಿ ಹೇಳಬೇಕು. ಆಮೇಲಿನ ಮಾತಾದರೆ ಯಾವ ಎರಡು ಲಕ್ಷಣಗಳ ಮೇಲೆ ಆ ಮಾತು ನಿಂತಿದೆಯೆಂಬುದನ್ನು ಬರೆದು ರುಜು ಮಾಡಬೇಕು. ಇನ್ನು ಬಿಡಿಸಿಕೊಂಡು ಹೋಗುವ ಕಾಗದದಲ್ಲಿ, ಸಲಹೆಗೆ ವಿರುದ್ಧವಾಗಿ ಎಂಬ ಒಂದೇ ಅಚ್ಚಿನ ಸಾಲಿನ ಬದಲು ಎರಡು ಮನೆಗಳಿರಬೇಕು: ಹಣವಿಲ್ಲದುದರಿಂದ ಎಂದೊಂದು, ಚೇತರಿಕೆಯಿಲ್ಲವೆಂದು ವೈದ್ಯರು ಹೇಳಿದುದರಿಂದ ಎಂದೊಂದು, ಎರಡನೆಯದಕ್ಕೆ ಗುರುತು ಬಿದ್ದರೆ ಅದರ ಮುಂದೆ ಹಾಗೆ ಹೇಳಿದ ವೈದ್ಯರ ಹೆಸರೂ, ಹೇಳಿದ ಗಂಟೆಯೂ.